ಮಗು ತಾನೇ ಕೂತು ಮಾಡಬಲ್ಲಷ್ಟೇ ಹೋಂವರ್ಕ್ ಇರಲಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ಹೋಂವರ್ಕ್ ಬೇಕೋ ಬೇಡವೋ ಅನ್ನುವ ಮಾತು ಶಾಲೆ ಶುರುವಾದಾಗೆಲ್ಲ ಏಳುತ್ತದೆ, ಪರೀಕ್ಷೆ ಹತ್ತಿರ ಬಂದಂತೆ ತಣ್ಣಗಾಗುತ್ತದೆ. ಪೂರ್ತಿ ನಿಲ್ಲಿಸಿಬಿಡಿ ಎಂದು ಕೇಳಲು ನಾನು ಬರೆಯುತ್ತಿಲ್ಲ. ನನ್ನ ಬೇಡಿಕೆ ಇಷ್ಟೇ. ದೊಡ್ಡವರ ಸಹಾಯ ಇಲ್ಲದೆ ಮಗು ತಾನೇ ಕೂತು ಮಾಡಬಲ್ಲ ಕೆಲಸವನ್ನು ಮಾತ್ರ ಶಾಲೆ ಮನೆಗೆ ಕಳಿಸಬೇಕು. ಮಗು ಬರೆದುಕೊಂಡು ಬಂದದ್ದನ್ನು ಟೀಚರ್ ಓದಬೇಕು. ಇವೆರಡೂ ಆಗದ ಕಡೆ ಹೋಂವರ್ಕ್ ಕೊಡಬಾರದು.

ನಾನು ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ಬೇರೆ ಬೇರೆ ಶಾಲೆಯ ಮಕ್ಕಳು, ಬೇರೆ ಬೇರೆ ತರಗತಿಯವರು. ಹಾಗಾಗಿ ಅವರ ಡೈರಿ, ನೋಟ್‌ಬುಕ್ ಎಲ್ಲವೂ ನನ್ನ ಕಣ್ಣಿಗೆ ಬೀಳುತ್ತವೆ. ಅದರಲ್ಲಿ ಒಂದು ಪುಟವನ್ನು ನಿಮಗೆ ತೋರಿಸಲೇಬೇಕು.

ನಾಲ್ಕನೇ ತರಗತಿಯ ಕಳೆಯುವ ಲೆಕ್ಕ. 503ರಲ್ಲಿ 278 ಕಳೆಯಬೇಕು. ಮಗು ಬರೆದ ಉತ್ತರ 375. ಅದರ ಕೆಳಗೆ 641ರಲ್ಲಿ 258. ಉತ್ತರ 417. ಇವು ಸುಮ್ನೆ ಏನೋ ಗೀಚಿದ ಉತ್ತರಗಳಲ್ಲ. ಮೊದಲ ಲೆಕ್ಕವನ್ನೇ ನೋಡಿ. ಬಿಡಿ ಸ್ಥಾನದಲ್ಲಿ 3ರಿಂದ 8 ಹೋಗುವುದಿಲ್ಲ. ಪಕ್ಕದ ಸ್ಥಾನದಿಂದ ಹತ್ತು ತರಬೇಕು. ಈ ಮಗು ತಂದಿಲ್ಲ. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನೇ ತೆಗೆಯಬೇಕು ಎಂದುಕೊಂಡು 8ರಿಂದ 3 ತೆಗೆದು 5 ಬರೆದಿದೆ. ಹತ್ತರ ಸ್ಥಾನದಲ್ಲಿ 7ರಿಂದ ಸೊನ್ನೆ ತೆಗೆದು 7. ನೂರರ ಸ್ಥಾನದಲ್ಲಿ 5ರಿಂದ 2 ತೆಗೆದು 3. ಪುಟದ ಉದ್ದಕ್ಕೂ ಇದೇ ದಾರಿ. ಎಲ್ಲೂ ದಾರಿ ಬದಲಿಸಿಲ್ಲ. ಅಕ್ಷರ ಮುದ್ದಾಗಿದೆ, ಸ್ಕೇಲ್ ಇಟ್ಟು ಗೆರೆ ಎಳೆದಿದೆ. ಪುಟದ ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ರೈಟ್ ಮಾರ್ಕ್, ಸಹಿ, ತಾರೀಖು.

ಸರಿ ಉತ್ತರ 225 ಮತ್ತು 383. ಅದನ್ನು ಆ ಮಗುವಿಗೆ ಯಾರೂ ಹೇಳಿರಲಿಲ್ಲ. ಹೇಳಿಕೊಡುವುದಕ್ಕೆ ಬಹಳ ಹೊತ್ತೂ ಬೇಕಾಗಿರಲಿಲ್ಲ. ಹತ್ತು ಕಡ್ಡಿಯ ಒಂದು ಕಟ್ಟು ಬಿಚ್ಚಿ ಬಿಡಿ ಕಡ್ಡಿಗಳ ಜೊತೆ ಸೇರಿಸಿ ತೋರಿಸಿದರೆ ಬಹುತೇಕ ಮಕ್ಕಳಿಗೆ ಹೊಳೆಯುತ್ತದೆ. ಅದರ ಬದಲು ಮಗು ಸಂಜೆಯೆಲ್ಲ ಕೂತು ತಪ್ಪನ್ನೇ ಅಭ್ಯಾಸ ಮಾಡಿತು. ಅಭ್ಯಾಸದಿಂದ ಸರಿಯಾದದ್ದು ಹೇಗೆ ಗಟ್ಟಿಯಾಗುತ್ತದೋ ತಪ್ಪೂ ಹಾಗೇ ಗಟ್ಟಿಯಾಗುತ್ತದೆ. ಮೇಲಿಂದ ಶಾಲೆಯೇ ರೈಟ್ ಹಾಕಿ ಕಳಿಸಿದರೆ ಆ ಮಗು ಇನ್ನು ಯಾರ ಮಾತು ಕೇಳಬೇಕು? ನಾನು ತಪ್ಪು ಅಂದಾಗ ಅದು ಪುಟ ತಿರುಗಿಸಿ ಟೀಚರ್ ಸಹಿ ತೋರಿಸಿತು.

ಇದನ್ನು ಓದಿ ಆ ಟೀಚರ್ ಮೇಲೆ ಸಿಟ್ಟಾಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಚೂರು ಲೆಕ್ಕ ಹಾಕೋಣ. ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬರು. ಕಾಯ್ದೆಯಲ್ಲಿ ಇರುವಷ್ಟೇ ಮಕ್ಕಳು ತರಗತಿಯಲ್ಲಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಗಣಿತದ ಮೇಷ್ಟ್ರು 35 ಮಕ್ಕಳ ನಾಲ್ಕು ಸೆಕ್ಷನ್ ತೆಗೆದುಕೊಂಡರೆ 140 ನೋಟ್‌ಬುಕ್ ಆಯಿತು. ಒಂದಕ್ಕೆ ಬರೀ ಎರಡು ನಿಮಿಷ ಅಂದರೂ 280 ನಿಮಿಷ, ನಾಲ್ಕೂಮುಕ್ಕಾಲು ಗಂಟೆ ಹತ್ತಿರ. ಪಾಠ ಮಾಡಿ, ಹಾಜರಿ ಹಾಕಿ, ಆನ್‌ಲೈನ್ ಮಾಹಿತಿ ತುಂಬಿ, ಆಮೇಲೆ ದಿನಾ ಇಷ್ಟು ಹೊತ್ತು ತಿದ್ದುತ್ತಾ ಕೂರುವುದು ಯಾರಿಗೂ ಸಾಧ್ಯವಿಲ್ಲ. ಹಾಗಾಗಿ ನೋಡದೆಯೇ ರೈಟ್ ಬೀಳುತ್ತದೆ. ಇಪ್ಪತ್ತು ಲೆಕ್ಕ ಕೊಟ್ಟು ಯಾವುದನ್ನೂ ಓದದೇ ಇರುವುದಕ್ಕಿಂತ ಮೂರು ಲೆಕ್ಕ ಕೊಟ್ಟು ಮೂರನ್ನೂ ಓದುವುದು ಮೇಲು. ಹೀಗೆ ಮಾಡಿ ಎಂದು ಇಲಾಖೆಯೇ ಹೇಳಬೇಕು. ಇಲ್ಲದಿದ್ದರೆ ಮೂರೇ ಲೆಕ್ಕ ಕೊಟ್ಟ ಮೇಷ್ಟ್ರನ್ನು ಪೋಷಕರೂ ಹೆಡ್‌ಮಾಸ್ಟರೂ ಸೋಮಾರಿ ಎಂದುಬಿಡುತ್ತಾರೆ.

ಇನ್ನು, ಎಷ್ಟು ಹೋಂವರ್ಕ್ ಅನ್ನುವ ಪ್ರಶ್ನೆ. ಇದಕ್ಕೆ ಹೊಸ ನಿಯಮ ಬೇಕಿಲ್ಲ, ಇರುವುದೇ ಸಾಕು. ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಎರಡನೇ ತರಗತಿವರೆಗೆ ಹೋಂವರ್ಕ್ ಇಲ್ಲ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಆರರಿಂದ ಎಂಟಕ್ಕೆ ದಿನಕ್ಕೆ 1 ಗಂಟೆ. ಅದಕ್ಕಿಂತ ಮೇಲಿನವರಿಗೆ ದಿನಕ್ಕೆ 2 ಗಂಟೆ. ಅದಕ್ಕೂ ಎಷ್ಟೋ ಮೊದಲು, 1993ರಲ್ಲೇ, ಮಕ್ಕಳ ಓದಿನ ಹೊರೆ ಇಳಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಯಶ್ ಪಾಲ್ ಸಮಿತಿ ಚಿಕ್ಕ ತರಗತಿಯ ಮಕ್ಕಳಿಗೆ ಪುಸ್ತಕದ ಹೋಂವರ್ಕ್ ಬೇಡ ಎಂದಿತ್ತು. ಅಂದರೆ ಮೂವತ್ತು ವರ್ಷದಿಂದ ನಾವು ಒಂದೇ ಮಾತನ್ನು ಮತ್ತೆ ಮತ್ತೆ ಬರೆದಿಡುತ್ತಿದ್ದೇವೆ.

ಹಾಗಾದರೆ ಯಾಕೆ ನಡೆಯುತ್ತಿಲ್ಲ? ನನಗೆ ಕಾಣುವ ದೊಡ್ಡ ಕಾರಣ ಇದು: ಒಟ್ಟು ಎಷ್ಟಾಯಿತು ಎಂದು ಕೂಡಿಸುವವರೇ ಇಲ್ಲ. ಗಣಿತದವರು ಅರ್ಧ ಗಂಟೆಯದ್ದು ಕೊಡುತ್ತಾರೆ. ವಿಜ್ಞಾನದವರು ಅರ್ಧ ಗಂಟೆ. ಸಮಾಜದವರು ಪಾಠದ ಹಿಂದಿನ ಪ್ರಶ್ನೆಗಳನ್ನು ಬರೆದುಕೊಂಡು ಬನ್ನಿ ಎನ್ನುತ್ತಾರೆ. ಮೂರು ಭಾಷೆಯವರು ಮೂರು ಪುಟ. ಒಬ್ಬೊಬ್ಬರದೂ ಸ್ವಲ್ಪವೇ. ಅವರವರ ದೃಷ್ಟಿಯಲ್ಲಿ ಯಾರೂ ಜಾಸ್ತಿ ಕೊಟ್ಟಿಲ್ಲ. ಆದರೆ ಆರೂ ಸೇರಿದರೆ ಮೂರು ಗಂಟೆ, ಅದು ಬೀಳುವುದು ಒಂದೇ ಮಗುವಿನ ಮೇಲೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಲ್ಲಿ ಹೇಳಿದೆ. ಬೆಳಗ್ಗೆ ಆರಕ್ಕೆ ಏಳುವ ಮಗು ರಾತ್ರಿ ಒಂಬತ್ತಕ್ಕೆ ಮಲಗಿದರೂ ಸಿಗುವುದು ಬರೀ ಒಂಬತ್ತು ಗಂಟೆ. ಆ ಮೂರು ಗಂಟೆಯನ್ನು ಎಲ್ಲಿಂದ ತರುವುದು? ಆಟದಿಂದ, ನಿದ್ದೆಯಿಂದ, ಅಷ್ಟೇ ಅಲ್ವಾ?

ಇದಕ್ಕೆ ಒಂದು ಸುಲಭದ ದಾರಿ ಇದೆ. ಪ್ರತಿ ತರಗತಿಯ ಗೋಡೆಗೆ ಒಂದು ಹಾಳೆ ಅಂಟಿಸಲಿ. ಯಾರು ಹೋಂವರ್ಕ್ ಕೊಟ್ಟರೂ ಅದರಲ್ಲಿ ಬರೆಯಲಿ: ಏನು ಕೊಟ್ಟೆ, ಎಷ್ಟು ನಿಮಿಷದ್ದು. ಮಿತಿ ತುಂಬಿದ ದಿನ ಮುಂದಿನ ಪೀರಿಯಡ್‌ನವರು ನಾಳೆಗೆ ಇಟ್ಟುಕೊಳ್ಳಲಿ. ಇದಕ್ಕೆ ಆಪ್ ಬೇಡ, ತರಬೇತಿ ಬೇಡ, ದುಡ್ಡು ಬೇಡ. ಕ್ಲಾಸ್ ಟೀಚರ್ ಶನಿವಾರ ಒಮ್ಮೆ ಕೂಡಿಸಿದರೆ ವಾರದ ಲೆಕ್ಕ ಸಿಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಶಾಲೆಗೆ ಬಂದಾಗ ಮೊದಲು ಆ ಹಾಳೆ ನೋಡಲಿ. ಖಾಸಗಿ ಶಾಲೆಗೂ ಇದೇ ನಿಯಮ ಇರಲಿ. ಅತಿ ಹೆಚ್ಚು ಬರೆಸುವುದು ಅಲ್ಲೇ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಶಾಲೆಯೊಳಗೆ ಎಲ್ಲ ಮಕ್ಕಳಿಗೂ ಒಂದೇ ಬೋರ್ಡು, ಒಬ್ಬರೇ ಟೀಚರ್, ಒಂದೇ ಗಂಟೆ. ಮನೆಯಲ್ಲಿ ಹಾಗಲ್ಲ. ಒಂದು ಮನೆಯಲ್ಲಿ ಓದಿದ ಅಮ್ಮ ಪಕ್ಕದಲ್ಲಿ ಕೂರುತ್ತಾರೆ. ಇನ್ನೊಂದು ಮನೆಯಲ್ಲಿ ಟ್ಯೂಷನ್ ಇದೆ. ಮತ್ತೊಂದರಲ್ಲಿ ಅಪ್ಪ ಅಮ್ಮ ದುಡಿದು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ, ಮಗಳೇ ತಮ್ಮನನ್ನು ನೋಡಿಕೊಳ್ಳಬೇಕು, ಪುಸ್ತಕದ ಭಾಷೆ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಈ ಮೂವರಿಗೂ ಶಾಲೆ ಒಂದೇ ಹೋಂವರ್ಕ್ ಕೊಡುತ್ತದೆ, ಮರುದಿನ ಒಂದೇ ಅಳತೆಯಲ್ಲಿ ಅಳೆಯುತ್ತದೆ. ಅಲ್ಲಿ ಅಳೆದದ್ದು ಮಗುವನ್ನಲ್ಲ, ಮನೆಯನ್ನು. ಪ್ರಾಜೆಕ್ಟ್‌ಗಳ ಕಥೆ ನಿಮಗೂ ಗೊತ್ತಿದೆ. ಮೂರನೇ ತರಗತಿಯ ಮಗುವಿನ ಹೆಸರಲ್ಲಿ ಬಂದ ಮಾದರಿಯನ್ನು ಯಾರು ಕತ್ತರಿಸಿ ಅಂಟಿಸಿದ್ದು ಎಂದು ಇಡೀ ಶಾಲೆಗೆ ಗೊತ್ತಿರುತ್ತದೆ. ಆದರೂ ಮಾರ್ಕ್ಸ್ ಬೀಳುತ್ತದೆ.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಹಲವು ದೇಶಗಳ ಮಕ್ಕಳ ಕಲಿಕೆ ಅಳೆಯುವ ಪೀಸಾ ಸಮೀಕ್ಷೆ 2012ರಲ್ಲಿ 15 ವರ್ಷದ ಮಕ್ಕಳನ್ನು ಈ ಬಗ್ಗೆ ಕೇಳಿತ್ತು. ಅದನ್ನು ನಡೆಸುವ ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳಿರುವ ಒಕ್ಕೂಟದ ದೇಶಗಳಲ್ಲಿ ಮಕ್ಕಳು ಹೋಂವರ್ಕ್‌ಗೆ ಕಳೆಯುತ್ತಿದ್ದದ್ದು ಸರಾಸರಿ ವಾರಕ್ಕೆ 5 ಗಂಟೆ ಹತ್ತಿರ. ಅನುಕೂಲಸ್ಥರ ಮಕ್ಕಳು ಬಡವರ ಮಕ್ಕಳಿಗಿಂತ ವಾರಕ್ಕೆ ಸುಮಾರು 1.6 ಗಂಟೆ ಜಾಸ್ತಿ ಕಳೆಯುತ್ತಿದ್ದರು. ಬಡ ಮಕ್ಕಳು ಸೋಮಾರಿಗಳು ಅಂತ ಇದರ ಅರ್ಥವಲ್ಲ. ಕೂರಲು ಜಾಗ, ಕೇಳಲು ಜನ, ಬಿಡುವು ಇವೆಲ್ಲ ಇದ್ದವರು ಜಾಸ್ತಿ ಹೊತ್ತು ಕೂರುತ್ತಾರೆ. ಹೋಂವರ್ಕ್ ಹೆಚ್ಚಿಸಿದಷ್ಟೂ ಆ ಅಂತರವನ್ನೇ ಹೆಚ್ಚಿಸಿದಂತೆ.

ಹಾಗಂತ ಹೋಂವರ್ಕ್‌ನಿಂದ ಪ್ರಯೋಜನವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು 1987ರಿಂದ 2003ರವರೆಗಿನ ಅಧ್ಯಯನಗಳನ್ನು ಒಟ್ಟಿಗೆ ನೋಡಿ 2006ರಲ್ಲಿ ಒಂದು ವರದಿ ಪ್ರಕಟಿಸಿದರು. ಏಳನೇ ತರಗತಿಯಿಂದ ಮೇಲಕ್ಕೆ ಹೋಂವರ್ಕ್‌ಗೂ ಕಲಿಕೆಗೂ ಚೆನ್ನಾಗಿ ಸಂಬಂಧ ಕಂಡಿತು. ಅದಕ್ಕಿಂತ ಕೆಳಗಿನ ತರಗತಿಗಳಲ್ಲಿ ಆ ಸಂಬಂಧ ತೀರಾ ತೆಳುವಾಗಿತ್ತು. ನಮ್ಮ ಕಡೆ ನಡೆಯುವುದು ಉಲ್ಟಾ. ಎಲ್‌ಕೆಜಿ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಸಿ ಪುಟ ತುಂಬಿಸುತ್ತೇವೆ.

ಹೋಂವರ್ಕ್ ಎಂಥದ್ದು ಅನ್ನುವುದೂ ಮುಖ್ಯ. ಅದೇ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ನೋಡದೆ, ನೆನಪಿಗೆ ಬಂದಷ್ಟನ್ನು ಬರೆದರು. ಒಂದು ವಾರದ ನಂತರ ಜಾಸ್ತಿ ನೆನಪಿದ್ದದ್ದು ನೋಡದೆ ಬರೆದವರಿಗೆ. ಇದನ್ನು ನಮ್ಮ ನೋಟ್ಸ್ ಪದ್ಧತಿಯ ಪಕ್ಕ ಇಟ್ಟು ನೋಡಿ. ಮಕ್ಕಳು ಗೈಡ್ ತೆರೆದಿಟ್ಟುಕೊಂಡು ಪ್ರಶ್ನೆ ನೀಲಿ ಪೆನ್ನಲ್ಲಿ, ಉತ್ತರ ಕಪ್ಪು ಪೆನ್ನಲ್ಲಿ ಇಳಿಸುತ್ತಾರೆ. ನಡುವೆ ಟಿವಿಯನ್ನೂ ನೋಡುತ್ತಾರೆ. ಬರೆದು ಮುಗಿಸಿದ ತಕ್ಷಣ ಏನು ಬರೆದೆ ಎಂದು ಕೇಳಿದರೆ ಮತ್ತೆ ಪುಸ್ತಕ ನೋಡುತ್ತಾರೆ. ಎರಡು ಪುಟ ಹೀಗೆ ಇಳಿಸುವ ಬದಲು, ಪುಸ್ತಕ ಮುಚ್ಚಿ ಇವತ್ತಿನ ಪಾಠದಲ್ಲಿ ನೆನಪಿರುವ ಐದು ವಾಕ್ಯ ಬರೆದು ಬಾ ಎಂದರೆ ಸಾಕು. ಅದನ್ನು ಮಗು ತಾನೇ ಮಾಡಬಲ್ಲದು. ಗೈಡ್‌ನಲ್ಲಿ ಅದಕ್ಕೆ ಉತ್ತರ ಇರುವುದಿಲ್ಲ. ಓದುವ ಟೀಚರ್‌ಗೂ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಪಾಠ ತಲೆಗೆ ಹೋಗಿದೆಯೋ ಇಲ್ಲವೋ ಎಂದು.

ಹೈಸ್ಕೂಲು ಮಕ್ಕಳಿಗಂತೂ ಹೋಂವರ್ಕ್ ಬೇಕೇ ಬೇಕು. ಬಿಡಿಸಲಾಗದ ಲೆಕ್ಕದ ಮುಂದೆ ಒಬ್ಬನೇ ಸ್ವಲ್ಪ ಹೊತ್ತು ಕೂರುವುದು, ಒಂದು ದಾರಿ ತಪ್ಪಿದಾಗ ಇನ್ನೊಂದು ಹುಡುಕುವುದು, ಇದನ್ನು ಗದ್ದಲದ ತರಗತಿಯಲ್ಲಿ ಕಲಿಸುವುದು ಕಷ್ಟ. ಹೋಂವರ್ಕ್ ಪೂರ್ತಿ ಬೇಡ ಎನ್ನುವವರ ಜೊತೆ ನಾನು ಹೋಗದಿರುವುದು ಇದಕ್ಕೇ.

ಪೂರ್ತಿ ನಿಷೇಧದ ಚರಿತ್ರೆಯೂ ಅಷ್ಟು ಚೆನ್ನಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1901ರಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಹೋಂವರ್ಕ್ ನಿಲ್ಲಿಸುವ ಕಾನೂನು ಬಂತು, 1917ರಲ್ಲಿ ರದ್ದಾಯಿತು. ಫ್ರಾನ್ಸ್ 1956ರಲ್ಲೇ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಹೋಂವರ್ಕ್ ಕೊಡಬಾರದು ಎಂದು ಸುತ್ತೋಲೆ ಹೊರಡಿಸಿತು. ಆಮೇಲೂ ಶಾಲೆಗಳು ಕೊಡುತ್ತಲೇ ಬಂದವು. ನನಗೆ ಹಿಡಿಸಿದ್ದು ಅದೇ ಫ್ರಾನ್ಸ್ 2017ರಲ್ಲಿ ತಂದ ಯೋಜನೆ. ಮಾಧ್ಯಮಿಕ ಹಂತದ ಮಕ್ಕಳು ಹೋಂವರ್ಕನ್ನು ಶಾಲೆಯಲ್ಲೇ ಕೂತು, ಸಹಾಯ ಪಡೆದು, ಪುಕ್ಕಟೆಯಾಗಿ ಮುಗಿಸಬಹುದು. ಚೀನಾದ 2021ರ ನಿಯಮದಲ್ಲೂ ಒಂದು ಒಳ್ಳೆಯ ಸಾಲಿದೆ: ಪೋಷಕರಿಗೆ ಕೆಲಸ ಹಚ್ಚಬಾರದು, ಹೋಂವರ್ಕ್ ತಿದ್ದಿ ಎಂದು ಅವರನ್ನು ಕೇಳಬಾರದು. ನನ್ನ ಬೇಡಿಕೆಯೂ ಹೆಚ್ಚುಕಡಿಮೆ ಇದೇ.

ಪೋಷಕರೇ ಹೋಂವರ್ಕ್ ಕೇಳುತ್ತಾರೆ ಎಂದು ಶಾಲೆಯವರು ಹೇಳುತ್ತಾರೆ. ನಿಜ, ಕೇಳುತ್ತಾರೆ. ಡೈರಿ ಖಾಲಿ ಇದ್ದರೆ ಶಾಲೆಯಲ್ಲಿ ಏನೂ ನಡೆದಿಲ್ಲ ಎಂದು ಅವರಿಗೆ ಭಯ. ಅವರು ಬೈಸಿಕೊಳ್ಳಬೇಕಾದವರಲ್ಲ. ಮಗು ಏನು ಕಲಿಯುತ್ತಿದೆ ಎಂದು ತಿಳಿಯಲು ಅವರ ಕೈಗೆ ಸಿಗುವುದು ಡೈರಿ ಒಂದೇ. ಪೋಷಕರ ಸಭೆಯಲ್ಲಿ ಟೀಚರ್ ಮಗುವಿನ ಒಂದು ಪುಟ ತೆರೆದು, ಇದು ಬರುತ್ತದೆ, ಇದು ಇನ್ನೂ ಬರುವುದಿಲ್ಲ ಎಂದು ತೋರಿಸಿದರೆ ಆ ಭಯ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹೋಂವರ್ಕ್ ಮಾಡಿಲ್ಲವೆಂದು ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವುದು, ಎಲ್ಲರೆದುರು ಹೀಯಾಳಿಸುವುದು, ನೂರು ಸಲ ಇಂಪೊಸಿಷನ್ ಬರೆಸುವುದು ಇಂದಿಗೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗು ಬೇಕೆಂದೇ ಬಿಟ್ಟಿತೋ, ಗೊತ್ತಾಗದೆ ಬಿಟ್ಟಿತೋ ಎಂದು ಒಮ್ಮೆಯೂ ಕೇಳದೆ ಶಿಕ್ಷೆ ಕೊಡುತ್ತಾರೆ. ಗೊತ್ತಾಗದೆ ಬಿಟ್ಟ ಮಗು ಹೊರಗೆ ನಿಂತು ಆ ದಿನದ ಪಾಠವನ್ನೂ ಕಳೆದುಕೊಳ್ಳುತ್ತದೆ. ಇಂಥ ಮಕ್ಕಳೇ ಸೋಮವಾರ ಬೆಳಗ್ಗೆ ಹೊಟ್ಟೆನೋವು ಅಂತಾರೆ.

ಆದ್ದರಿಂದ ಒಂದು ಸುತ್ತೋಲೆ ಹೊರಡಿಸಿ ಎಂದು ಕೇಳುತ್ತಿದ್ದೇನೆ. 2020ರ ಮಿತಿಗಳು ಎಲ್ಲ ಶಾಲೆಗೂ ಅನ್ವಯ ಎಂದು ಅದರಲ್ಲಿ ಇರಲಿ. ತರಗತಿಗೊಂದು ಹಾಳೆ ಇರಲಿ. ಟೀಚರ್ ಓದಲಾಗದಷ್ಟು ಕೊಡಬಾರದು, ಮನೆಯವರ ಕೈ ಬೇಕಾಗುವಂಥದ್ದು ಕೊಡಬಾರದು, ಹೋಂವರ್ಕ್‌ಗೆ ಅಂಕವೂ ಬೇಡ ಶಿಕ್ಷೆಯೂ ಬೇಡ ಎಂದು ನೇರವಾಗಿ ಬರೆಯಿರಿ. ಮನೆಯಲ್ಲಿ ಕೂರಲು ಜಾಗವಿಲ್ಲದ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಒಂದು ಕೋಣೆ ತೆರೆದಿಡಿಸಿ. ನೋಡಿಕೊಳ್ಳುವವರಿಗೆ ಗೌರವಧನ ಕೊಡಿ, ಅದನ್ನೂ ಇರುವ ಟೀಚರ್‌ಗಳ ತಲೆಗೆ ಕಟ್ಟಬೇಡಿ.

ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ಇದು ಶಾಲೆಗಳಿಗೆ ತಲುಪುತ್ತದೆಯೇ? ಆಗುವುದಿಲ್ಲ ಎಂದಾದರೆ ಯಾವ ಭಾಗ ಆಗುವುದಿಲ್ಲ, ಯಾಕೆ ಎಂದು ತಿಳಿಸಿ. ಉತ್ತರವನ್ನೂ ಎಲ್ಲರೂ ಓದುವಂತೆ ಬಹಿರಂಗವಾಗಿಯೇ ಕೊಡಬೇಕೆಂದು ವಿನಂತಿ.

ಇಂತಿ,
ಸಂಜೆ ಹೊತ್ತು ಮಕ್ಕಳ ಜೊತೆ ಹೋಂವರ್ಕ್‌ಗೆ ಕೂರುವ ಒಬ್ಬಳು