ಶೇಕ್ ತೆಗೆಯಿರಿ, ಅಂಚಿನಲ್ಲಿ ನಿಂತವರನ್ನು ತೆಗೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರದ ಪುರವಣಿಯಲ್ಲಿ ಮೊಬೈಲ್ ಸಲಹೆಗಳ ಬರಹ ಓದಿದೆ. ಮನೆಯ ಹಳೇ ವಿಡಿಯೊ ಶೇಕ್ ಆಗಿದ್ದರೆ ಆ್ಯಪ್‌ಗೆ ಹಾಕಿ, ಒಂದು ಬಟನ್ ಒತ್ತಿ, ಸರಿಯಾದ ಮೇಲೆ ಜಾಗ ಉಳಿಸಲು ಮೂಲ ಫೈಲ್ ಡಿಲೀಟ್ ಮಾಡಿ ಅಂತ ಇತ್ತು. ಮೊದಲ ಎರಡು ಮಾತಿಗೆ ನನ್ನ ತಕರಾರು ಕಡಿಮೆ. ಮೂರನೆಯದು ಓದಿದ ಮೇಲೆ ಸುಮ್ನಿರಲು ಆಗಲಿಲ್ಲ. ದಯವಿಟ್ಟು ಯಾರೂ ಡಿಲೀಟ್ ಮಾಡಬೇಡಿ. ಪತ್ರ ಉದ್ದವಾಯಿತು ಅಂತ ಕತ್ತರಿ ಹಾಕುವುದಾದರೆ ಈ ಒಂದು ಸಾಲು ಉಳಿಸಿಕೊಂಡರೂ ಸಾಕು.

ನಾನು ಸಾಗರದವನು. ಮೊದಲು ಮದುವೆ ವಿಡಿಯೊ ಮಾಡುತ್ತಿದ್ದೆ. ಈಗ ಜಾಸ್ತಿ ಕೆಲಸ ಜನರ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುವುದು. ಬಂದವರೆಲ್ಲ ಹೇಳುವುದು ಒಂದೇ: "ಸ್ವಲ್ಪ ಶೇಕ್ ತೆಗೆದುಕೊಡಿ ಮಾರಾಯ್ರೆ, ನೋಡಿದರೆ ತಲೆ ತಿರುಗ್ತದೆ." ನಿಜ, ತಿರುಗುತ್ತದೆ. ಆ ಕಾಲದಲ್ಲಿ ಹ್ಯಾಂಡಿಕ್ಯಾಮ್ ಹಿಡಿದವರು ಯಾರು? ಬೆಂಗಳೂರಿಂದಲೋ ದುಬೈಯಿಂದಲೋ ರಜೆಗೆ ಬಂದ ಮಾವ. ಮಾವ ನಿಂತು ತೆಗೆದವರಲ್ಲ. ನಡೆಯುತ್ತಲೇ ತೆಗೆಯುತ್ತಾರೆ, ಜೂಮ್ ಬಟನ್ ಮೇಲಿಂದ ಬೆರಳು ಎತ್ತುವುದಿಲ್ಲ, ಹಿಂದಿನಿಂದ ಯಾರಾದರೂ "ಕಾಫಿ ಆಯ್ತಾ" ಅಂದರೆ ಕ್ಯಾಮೆರಾ ಸಮೇತ ತಿರುಗಿ ಉತ್ತರ ಕೊಡುತ್ತಾರೆ.

ಇದನ್ನು ಸಾಫ್ಟ್‌ವೇರ್ ಹೇಗೆ ಸರಿ ಮಾಡುತ್ತದೆ ಅಂತ ಗೊತ್ತಿದ್ದರೆ ಡಿಲೀಟ್ ಯಾಕೆ ಬೇಡ ಅನ್ನುವುದು ತಾನಾಗಿಯೇ ಅರ್ಥವಾಗುತ್ತದೆ. ಅದು ಒಂದು ಫ್ರೇಮಿನಲ್ಲಿ, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರದಲ್ಲಿ, ಎದ್ದು ಕಾಣುವ ಚುಕ್ಕಿಗಳನ್ನು, ಅಂದರೆ ಕಂಬದ ಮೂಲೆ, ಕಿಟಕಿಯ ಸರಳು, ಹಂಚಿನ ತುದಿ, ಇಂಥವನ್ನು ಗುರುತು ಮಾಡಿಕೊಂಡು ಮುಂದಿನ ಫ್ರೇಮಿನಲ್ಲಿ ಅವು ಎಲ್ಲಿಗೆ ಸರಿದಿವೆ ನೋಡುತ್ತದೆ. ಎಲ್ಲವೂ ಒಟ್ಟಿಗೆ ಎಡಕ್ಕೆ ಸರಿದಿದ್ದರೆ ಕ್ಯಾಮೆರಾ ಬಲಕ್ಕೆ ಹೋಗಿದೆ ಅಂತ ಲೆಕ್ಕ. ಹೀಗೆ ಮಾವನ ಕೈ ಓಡಾಡಿದ ದಾರಿಯನ್ನೆಲ್ಲ ಹಿಡಿದು, ಆ ದಾರಿಯ ಉಬ್ಬುತಗ್ಗು ತೆಗೆದು, ಪ್ರತಿ ಫ್ರೇಮನ್ನೂ ಅಲುಗಿದ್ದಕ್ಕೆ ಎದುರು ದಿಕ್ಕಿಗೆ ಸರಿಸುತ್ತದೆ. ಸರಿಸಿದ ಮೇಲೆ ಒಂದು ಬದಿ ಖಾಲಿ ಬೀಳುತ್ತದೆ ಅಲ್ವಾ? ಆ ಕಪ್ಪು ಪಟ್ಟಿ ಕಾಣಬಾರದು ಅಂತ ಇಡೀ ಚಿತ್ರವನ್ನು ಹಿಗ್ಗಿಸಿ ನಾಲ್ಕೂ ಬದಿ ಕತ್ತರಿಸುತ್ತದೆ. ಆ್ಯಪ್ ಇದನ್ನು ಹೇಳುವುದಿಲ್ಲ. ನಿಮಗೆ ಕಾಣುವುದು ನುಣುಪಾದ ವಿಡಿಯೊ ಮಾತ್ರ.

ಎಷ್ಟು ಹೋಗುತ್ತದೆ? 20% ಹಿಗ್ಗಿಸಿದರೆ 1920 × 1080 ಪಿಕ್ಸೆಲಿನ ಚಿತ್ರದಲ್ಲಿ ಉಳಿಯುವುದು 1600 × 900. ಚಿತ್ರದ ಸುಮಾರು 30% ಹೋಯಿತು. ಕ್ಯಾಸೆಟ್ಟಿನದಾದರೆ ಇರುವುದೇ 720 × 576, ಅದು 600 × 480ಕ್ಕೆ ಇಳಿಯುತ್ತದೆ. ಮೊದಲೇ ಮಸುಕು, ಅದನ್ನು ಮತ್ತೆ ಎಳೆದು ಹಿಗ್ಗಿಸಿದ್ದು.

ಮಸುಕಾದರೂ ಪರವಾಗಿಲ್ಲ ಅನ್ನಬಹುದು. ನನಗೆ ಸಂಕಟ ಆಗುವುದು ಆ 30%ರಲ್ಲಿ ಯಾರಿದ್ದರು ಅಂತ ನೋಡಿದಾಗ. ನಮ್ಮ ಕಡೆ ಮನೆ ಅಂಗಳದಲ್ಲಿ ಚಪ್ಪರ ಹಾಕಿ ಮಾಡಿದ ಮದುವೆಗಳ ವಿಡಿಯೊ ನೋಡಿ. ನಡುವೆ ಮದುಮಕ್ಕಳು, ಪುರೋಹಿತರು, ಪಂಚೆ ಉಟ್ಟ ಹಿರಿಯರು. ಕೆಲಸ ಮಾಡುವ ಹೆಂಗಸರು, ಸಣ್ಣ ಮಕ್ಕಳು, ತೋಟದ ಕೆಲಸಕ್ಕೆ ಬರುತ್ತಿದ್ದವರು, ಕ್ಯಾಮೆರಾ ಕಂಡರೆ ನಾಚುವವರು, ಎಲ್ಲ ಅಂಚಿನಲ್ಲಿ. ಈಚೆಗೆ ಒಂದು ಮನೆಯವರು ಪೇಟೆಯ ಯಾವುದೋ ಅಂಗಡಿಯಲ್ಲಿ "ಸರಿ ಮಾಡಿಸಿದ" ಫೈಲ್ ತಂದು, ಇದರಲ್ಲಿ ನಮ್ಮ ದೊಡ್ಡಮ್ಮ ಇರಬೇಕಿತ್ತಲ್ಲ, ಎಲ್ಲಿ ಹೋದರು ಅಂತ ಕೇಳಿದರು. ಮೂಲ ಕ್ಯಾಸೆಟ್ ತರಿಸಿ ಹಾಕಿ ನೋಡಿದೆವು. ಊಟದ ಪಂಕ್ತಿ. ಕ್ಯಾಮೆರಾ ಬಾಳೆಎಲೆಗಳ ಸಾಲಿನ ಉದ್ದಕ್ಕೂ ಕುಣಿಯುತ್ತಾ ಹೋಗುತ್ತದೆ. ಎಡ ಅಂಚಿನಲ್ಲಿ ದೊಡ್ಡಮ್ಮ ಬಗ್ಗಿ ತಂಬುಳಿ ಬಡಿಸುತ್ತಾರೆ, ಒಂದು ಸಲ ತಲೆಯೆತ್ತಿ ಕ್ಯಾಮೆರಾ ನೋಡಿ ಸೆರಗು ಸರಿ ಮಾಡಿಕೊಳ್ಳುತ್ತಾರೆ. ಸರಿ ಮಾಡಿಸಿದ ಫೈಲಿನಲ್ಲಿ ತಂಬುಳಿಯ ಪಾತ್ರೆ ಇದೆ, ಸೌಟು ಹಿಡಿದ ಕೈ ಇದೆ, ಬಳೆ ಇದೆ. ಮುಖ ಇಲ್ಲ. ಆ ಮನೆಯಲ್ಲಿ ಅವರ ಬೇರೆ ವಿಡಿಯೊವೂ ಇಲ್ಲ. ಕ್ಯಾಸೆಟ್ ಎಸೆದಿರಲಿಲ್ಲ ಅನ್ನುವುದು ಪುಣ್ಯ.

ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ, ಸಾಫ್ಟ್‌ವೇರ್ ಬಂದದ್ದೇ ಹಾಗೆ. ಆದರೆ ಬದಲಾಯಿಸಲು ಬರುತ್ತದೆ. ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಸ್ಟೆಬಿಲೈಸೇಶನ್, ಅಂದರೆ ಶೇಕ್ ತೆಗೆಯುವ ಸೌಲಭ್ಯ, ಇದೆ, ಅದರಲ್ಲಿ ಜೂಮ್ ಅಂತ ಒಂದು ಟಿಕ್ ಇರುತ್ತದೆ, ತೆಗೆದುಬಿಡಿ. ಎಫ್ಎಫ್ಎಂಪೆಗ್ ಅನ್ನುವ ವಿಡಿಯೊ ಸಾಫ್ಟ್‌ವೇರಿನಲ್ಲಿ ಶೇಕ್ ತೆಗೆಯುವ ವಿಡ್‌ಸ್ಟ್ಯಾಬ್ ಬಳಸುವವರು ಆಪ್ಟ್‌ಜೂಮ್ ಸೊನ್ನೆಗೆ, ಕ್ರಾಪ್ ಬ್ಲ್ಯಾಕ್‌ಗೆ ಇಡಿ. ಅಡೋಬಿಯ ವಾರ್ಪ್ ಸ್ಟೆಬಿಲೈಸರ್‌ನಲ್ಲಿ ಕತ್ತರಿಸದೆ ಬರೀ ಸ್ಥಿರ ಮಾಡುವ ಆಯ್ಕೆ ಇದೆ. ಹೀಗೆ ಮಾಡಿದರೆ ಸುತ್ತ ಕಪ್ಪು ಪಟ್ಟಿ ಆ ಕಡೆ ಈ ಕಡೆ ಹರಿದಾಡುತ್ತದೆ. ಹರಿದಾಡಲಿ ಬಿಡಿ. ಎರಡು ನಿಮಿಷದಲ್ಲಿ ಕಣ್ಣಿಗೆ ಅಭ್ಯಾಸ ಆಗುತ್ತದೆ, ಜನ ಜನರನ್ನು ನೋಡುತ್ತಾರೆ, ಪಟ್ಟಿಯನ್ನಲ್ಲ. ಪಟ್ಟಿ ಬೇಡವೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ, ಖಾಲಿ ಬಿದ್ದ ಅಂಚನ್ನು ಹಿಂದಿನ ಫ್ರೇಮಿನಿಂದ ತುಂಬಿಸುವುದು. ಗೋಡೆ, ಆಕಾಶ ಆದರೆ ಚೆನ್ನಾಗಿ ಬರುತ್ತದೆ. ಜನ ಓಡಾಡುವ ಕಡೆ ಅಂಚಿನಲ್ಲಿ ಅರ್ಧ ಮನುಷ್ಯ ನಿಂತುಬಿಡುತ್ತಾನೆ.

ಪೂರ್ತಿ ಸ್ಥಿರ ಮಾಡುವ ಹುಚ್ಚೂ ಬೇಡ. ನಡೆಯುತ್ತಾ ತೆಗೆದದ್ದನ್ನು ಸ್ಟ್ಯಾಂಡಿನ ಮೇಲೆ ಇಟ್ಟ ಹಾಗೆ ಮಾಡಲು ಹೋದರೆ ಜಾಸ್ತಿ ಕತ್ತರಿಸಬೇಕಾಗುತ್ತದೆ, ಅಷ್ಟೇ ಅಲ್ಲ, ಮುಖಗಳು ಜೆಲ್ಲಿಯ ಹಾಗೆ ಉಬ್ಬಿ ಕುಗ್ಗುತ್ತವೆ. ನಡುಕ ಹೋಗಲಿ, ನಡಿಗೆ ಇರಲಿ. ವಿಡ್‌ಸ್ಟ್ಯಾಬ್‌ನಲ್ಲಿ ಸ್ಮೂತಿಂಗ್ ಅಂಕಿ 10 ಇದ್ದರೆ ಹಿಂದೆ 10 ಫ್ರೇಮ್, ಮುಂದೆ 10 ಫ್ರೇಮ್ ನೋಡಿ ನಯ ಮಾಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು ಒಂದು ಸೆಕೆಂಡಿಗಿಂತ ಕಡಿಮೆ. ಮನೆ ವಿಡಿಯೊಗೆ ಅದರ ಸುತ್ತಮುತ್ತ ಸಾಕು. ಅಂಕಿ 100ಕ್ಕೆ ಏರಿಸಿ ಕೂತರೆ ಮಾವ ಬೇಕೆಂದೇ ತಿರುಗಿಸಿದ ಕ್ಯಾಮೆರಾವನ್ನೂ ಅದು ಹಿಡಿದು ಎಳೆಯುತ್ತದೆ.

ನಮ್ಮೂರ ಕಡೆಯ ವಿಡಿಯೊಗಳಿಗೆ ಇನ್ನೂ ಕೆಲವು ತಾಪತ್ರಯ ಇವೆ. ಮಳೆಗಾಲದಲ್ಲಿ ಜೋಗ ತೆಗೆದದ್ದನ್ನು ತಂದುಕೊಡುತ್ತಾರೆ. ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಒಂದಾಗಿ ಫ್ರೇಮಿನ ತುಂಬ ಬಿಳೀ ನೀರು, ಮೇಲೆ ಮಂಜು. ಸಾಫ್ಟ್‌ವೇರಿಗೆ ಹಿಡಿದುಕೊಳ್ಳಲು ನಿಂತ ವಸ್ತು ಬೇಕು. ಇಲ್ಲಿ ಸಿಗುವುದು ಕೆಳಕ್ಕೆ ಧುಮುಕುವ ನೀರು. ಅದನ್ನೇ ಹಿಡಿದು, ಓಹೋ ಕ್ಯಾಮೆರಾ ಮೇಲಕ್ಕೆ ಹೋಗುತ್ತಿದೆ ಅಂದುಕೊಂಡು ಚಿತ್ರವನ್ನು ಎಳೆದಾಡಿ ಮೊದಲಿಗಿಂತ ಹಾಳು ಮಾಡುತ್ತದೆ. ಇಂಥ ಕಡೆ ನೀರಿನ ಭಾಗಕ್ಕೆ ಮಾಸ್ಕ್ ಹಾಕಿ, ಅಂದರೆ ಆ ಭಾಗ ನೋಡಬೇಡ ಅಂತ ಸಾಫ್ಟ್‌ವೇರಿಗೆ ಹೇಳಿ, ಬದಿಯ ಬಂಡೆಯನ್ನೋ ಕಂಬಿಯನ್ನೋ ನಾವೇ ಕೈಯಾರೆ ತೋರಿಸಬೇಕು. ಮಳೆ ಹನಿ ಲೆನ್ಸ್ ಮೇಲೆ ಕೂತಿದ್ದರೆ ಇನ್ನೊಂದು ತಮಾಷೆ. ಹನಿ ಲೆನ್ಸಿಗೆ ಅಂಟಿದ್ದು, ಮೂಲದಲ್ಲಿ ಅಲುಗುವುದಿಲ್ಲ. ಗುಡ್ಡ ನಿಂತ ಕೂಡಲೇ ಹನಿ ಕುಣಿಯತೊಡಗುತ್ತದೆ. ಹ್ಯಾಂಡಿಕ್ಯಾಮಿನ ವಿಡಿಯೊದ ಮೂಲೆಯಲ್ಲಿ ತಾರೀಕು ಇರುತ್ತದಲ್ಲ, ಅದೂ ಹಾಗೆಯೇ. ಎಲ್ಲ ಸ್ಥಿರವಾದ ಮೇಲೆ ತಾರೀಕು ಒಂದೇ ಪರದೆ ತುಂಬ ಓಡಾಡುತ್ತದೆ.

ಸಿಗಂದೂರಿಗೆ ಜನ, ವಾಹನ ದಾಟಿಸುತ್ತಿದ್ದ ದೊಡ್ಡ ದೋಣಿ, ಅಂದರೆ ಲಾಂಚಿನ ವಿಡಿಯೊಗಳ ಬಗ್ಗೆ ಮಾತ್ರ ಬೇರೆಯಾಗಿಯೇ ಹೇಳಬೇಕು. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಶರಾವತಿ ಹಿನ್ನೀರು ದಾಟುವ ರೀತಿಯೇ ಬದಲಾಯಿತು. ಬಸ್ಸು, ಜೀಪು, ಬೈಕು, ಜನ ಎಲ್ಲ ಲಾಂಚಿಗೆ ಹತ್ತಿ ನಿಲ್ಲುವುದನ್ನು ಹಿಂದೆ ಯಾರ್‍ಯಾರೋ ಸುಮ್ನೆ ತೆಗೆದಿಟ್ಟದ್ದು ಈಗ ದಾಖಲೆ. ಅಂಥದ್ದನ್ನು ಆ್ಯಪ್ ಕೈಗೆ ಕೊಡಲೇಬೇಡಿ. ಫ್ರೇಮಿನಲ್ಲಿ ಎರಡು ಲೋಕ ಇರುತ್ತವೆ: ಲಾಂಚಿನ ಕಂಬಿ, ಅದರ ಮೇಲಿನ ಬಸ್ಸು, ಜನ ಒಂದು, ಹಿಂದಿನ ದಡ, ಗುಡ್ಡ ಇನ್ನೊಂದು. ಗುಡ್ಡ ನಿಲ್ಲಿಸಿದರೆ ಬಸ್ಸು ಓಲಾಡುತ್ತದೆ, ಬಸ್ಸು ನಿಲ್ಲಿಸಿದರೆ ಗುಡ್ಡ ಓಲಾಡುತ್ತದೆ. ಆ್ಯಪ್ ಎರಡರ ನಡುವೆ ಹಾರುತ್ತಾ ಇರುತ್ತದೆ. ನನ್ನ ಕೇಳಿದರೆ ಜನರನ್ನು ನಿಲ್ಲಿಸಿ, ಗುಡ್ಡ ಓಲಾಡಲಿ. ಲಾಂಚಿನಲ್ಲಿ ನಿಂತವರಿಗೆ ಕಂಡದ್ದೂ ಹಾಗೆಯೇ.

ಕೆಲವು ಶೇಕ್ ಏನು ಮಾಡಿದರೂ ಹೋಗುವುದಿಲ್ಲ. ರಾತ್ರಿಯ ಯಕ್ಷಗಾನ ಮೊಬೈಲಿನಲ್ಲಿ ತೆಗೆದದ್ದು ಅಂದುಕೊಳ್ಳಿ. ಬೆಳಕು ಕಡಿಮೆ, ಅದಕ್ಕೆ ಪ್ರತಿ ಫ್ರೇಮಿಗೂ ಕ್ಯಾಮೆರಾ ಜಾಸ್ತಿ ಹೊತ್ತು ಕಣ್ಣು ತೆರೆದಿರುತ್ತದೆ. ಅಷ್ಟರಲ್ಲಿ ಕೈ ಅಲುಗಿದರೆ ಆ ಫ್ರೇಮ್ ಒಳಗೇ ಚಿತ್ರ ಎಳೆದುಹೋಗಿರುತ್ತದೆ. ಸ್ಥಿರ ಮಾಡಿದರೆ ಚಿತ್ರ ನಿಂತಿರುತ್ತದೆ, ಆದರೆ ನಿಂತಲ್ಲೇ ಮಸುಕಾಗಿ, ಸ್ಪಷ್ಟವಾಗಿ, ಮತ್ತೆ ಮಸುಕಾಗಿ ಕಾಣುತ್ತದೆ. ಇದು ಶೇಕ್‌ಗಿಂತ ಕಿರಿಕಿರಿ. ಮಂಡಿ ಕುಣಿತ ಇರುವ ಕಡೆ ನಾನು ಮುಟ್ಟುವುದೇ ಇಲ್ಲ, ಇದ್ದ ಹಾಗೇ ಬಿಡುತ್ತೇನೆ.

ಕ್ಯಾಸೆಟ್ಟಿನಿಂದ ಇಳಿಸಿಕೊಂಡವರಿಗೆ ಒಂದು ಮಾತು. ಹಳೇ ವಿಡಿಯೊ ಸೆಕೆಂಡಿಗೆ 25 ಫ್ರೇಮ್ ಅಂತ ಹೇಳಿದರೂ ಒಳಗೆ ಇರುವುದು 50 ಅರ್ಧ ಚಿತ್ರಗಳು, ಒಂದರಲ್ಲಿ ಸರಿ ಗೆರೆಗಳು, ಇನ್ನೊಂದರಲ್ಲಿ ಬೆಸ ಗೆರೆಗಳು. ಕೈ ಬೀಸಿದಾಗ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಕಾಣುವುದು ಇದರಿಂದಲೇ. ಮೊದಲು ಡಿಇಂಟರ್ಲೇಸ್ ಮಾಡಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡಿಕೊಳ್ಳಿ, ಆಮೇಲೆ ಶೇಕ್ ತೆಗೆಯಿರಿ. ಉಲ್ಟಾ ಮಾಡಿದರೆ ಸರಿ ಗೆರೆ ಬೆಸ ಗೆರೆ ಕಲಸಿಹೋಗುತ್ತವೆ, ಮತ್ತೆ ಬಿಡಿಸಲು ಆಗುವುದಿಲ್ಲ. ವಿಎಚ್ಎಸ್, ಅಂದರೆ ಹಳೇ ದೊಡ್ಡ ವಿಡಿಯೊ ಕ್ಯಾಸೆಟ್ಟಿನಲ್ಲಿ ಚಿತ್ರದ ಕೆಳಗಡೆ ಒಂದು ಹರಿದ ಪಟ್ಟಿ ಬರುತ್ತದೆ, ಅದನ್ನೂ ಮೊದಲೇ ಮುಚ್ಚಿಬಿಡಿ, ಇಲ್ಲದಿದ್ದರೆ ಸಾಫ್ಟ್‌ವೇರ್ ಅದನ್ನೇ ನಂಬಿ ಕೂರುತ್ತದೆ.

ವಾಟ್ಸಾಪಿನಲ್ಲಿ ಬಂದ ಪ್ರತಿಯನ್ನು ತಂದು ಸರಿ ಮಾಡಿ ಅನ್ನುವವರೂ ಇದ್ದಾರೆ. ಅದು ಆಗಲೇ ಹಿಂಡಿ ಹಿಪ್ಪೆಯಾದ ಫೈಲ್. ತೆಗೆದವರ ಹತ್ತಿರ ಮೂಲ ಕೇಳಿ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಲು ಹೇಳಿ, 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೇ ಬರುತ್ತದೆ. ಮುಂದೆ ತೆಗೆಯುವವರಿಗೆ ಹೇಳಬೇಕೆಂದರೆ, ಫೋನಿನಲ್ಲಿ 4ಕೆ ಇದ್ದರೆ ಅದರಲ್ಲೇ ತೆಗೆಯಿರಿ. 3840 × 2160 ಇದ್ದರೆ ಕತ್ತರಿಸಿದ ಮೇಲೂ ಟಿವಿಗೆ ಸಾಕಾಗುವಷ್ಟು ಉಳಿಯುತ್ತದೆ. ಮತ್ತೆ, ಎರಡು ಹೆಜ್ಜೆ ಹಿಂದೆ ನಿಲ್ಲಿ, ಅಂಚಿನಲ್ಲಿ ಜಾಗ ಇರಲಿ. ಅಲುಗದಂತೆ ಫೋನ್ ಹಿಡಿಯುವ ಗಿಂಬಲ್ ಎಲ್ಲ ಆಮೇಲೆ ನೋಡೋಣ, ಮೊಣಕೈ ಎರಡೂ ಪಕ್ಕೆಗೆ ಒತ್ತಿಕೊಂಡರೆ, ಬೆನ್ನನ್ನು ಕಂಬಕ್ಕೆ ಆನಿಸಿಕೊಂಡರೆ ಅರ್ಧ ಶೇಕ್ ಅಲ್ಲೇ ಹೋಯಿತು.

ಕೊನೆಗೆ ಪತ್ರಿಕೆಗೆ ಒಂದು ವಿನಂತಿ. ಪುರವಣಿಯಲ್ಲಿ ಇದರ ಬಗ್ಗೆ ಮತ್ತೆ ಬರೆಸುವುದಾದರೆ ಆ್ಯಪ್ ಬಿಟ್ಟು ಕ್ಯಾಸೆಟ್ಟಿನ ಬೂಷ್ಟಿನ ಬಗ್ಗೆ ಬರೆಸಿ. ಮಲೆನಾಡಿನ ಅಟ್ಟದ ಮೇಲಿಟ್ಟ ಕ್ಯಾಸೆಟ್ಟುಗಳ ಗಾಜಿನಂಥ ಕಿಟಕಿಯಲ್ಲಿ ಇಣುಕಿ ನೋಡಿದರೆ ಟೇಪ್ ಸುರುಳಿಯ ಮೇಲೆ ಬಿಳಿ ಪುಡಿ ಕಾಣುತ್ತದೆ. ಅಂಥದ್ದನ್ನು ಪ್ಲೇಯರಿಗೆ ಹಾಕಿದರೆ ಬೂಷ್ಟು ಟೇಪ್ ಓದುವ ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬಿಸಿಲಿಗೆ ಇಟ್ಟು ಒಣಗಿಸಲೂ ಬೇಡಿ, ಟೇಪ್ ಸೊಟ್ಟಗಾಗುತ್ತದೆ. ಬೇರೆಯಾಗಿ ಒಣ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಟ್ಟು, ಗೊತ್ತಿದ್ದವರಿಂದ ಶುಚಿ ಮಾಡಿಸಿ ಇಳಿಸಿಕೊಳ್ಳಬೇಕು. ವಿಸಿಆರ್, ಅಂದರೆ ಈ ಕ್ಯಾಸೆಟ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲೇ ನಿಲ್ಲಿಸಿತು. ಹಾಗಾಗಿ ಕೆಟ್ಟ ಪ್ಲೇಯರಿಗೆ ಹೆಡ್ ಹುಡುಕುವುದೇ ಈಗ ನಮಗೆ ದೊಡ್ಡ ಕೆಲಸ. ಶೇಕ್ ತೆಗೆಯುವುದನ್ನು ಮುಂದಿನ ವರ್ಷ ಬೇಕಾದರೂ ಮಾಡಬಹುದು. ಕ್ಯಾಸೆಟ್ ಇಳಿಸುವುದನ್ನು ಈ ಮಳೆ ಹಿಡಿಯುವ ಮೊದಲು ಮುಗಿಸಿಕೊಳ್ಳಿ ಅಂತ ಓದುಗರಿಗೆ ತಿಳಿಸಿ.

ಇತಿ,
ಒಬ್ಬ ಓದುಗ, ಸಾಗರ