ಹೋದ ಚಿತ್ರಗಳ ಬಗ್ಗೆ

ರಾಮಲ್ಲಾ, ವೆಸ್ಟ್ ಬ್ಯಾಂಕ್

ಹಬೀಬ್ತಿ, ನನ್ನ ಪ್ರೀತಿಯ ಮಗಳೇ,

ಗಾಜಾದ ಮನೆ ಹೋದ ವಿಷಯ, ನಿಮ್ಮಪ್ಪನ ವಿಷಯ ನಾನು ಮತ್ತೆ ಬರೆಯುವುದಿಲ್ಲ. ಆದರೆ ಪತ್ರದ ಕೊನೆಗೆ ನೀನು ಬರೆದ ಮಾತು ನನ್ನ ನಿದ್ದೆ ಕೆಡಿಸಿದೆ. "ಅತ್ತೆ, ಗಾಜಾದಲ್ಲಿ ಹೋದ ಚಿತ್ರಗಳನ್ನು ಕೈರೋದಲ್ಲಿ ಕೂತು ಮತ್ತೆ ಬರೆದರೆ ಅದು ಸುಳ್ಳಾಗುತ್ತೆ. ಬರೆಯದಿದ್ದರೆ ನಾನು ಚಿತ್ರಕಾರಳು ಅನ್ನೋದಕ್ಕೆ ಏನು ಸಾಕ್ಷಿ?"

ಸುಳ್ಳು ಅಂತ ಯಾರು ಹೇಳಿದರು ನಿನಗೆ? ಯೆರೂಸಲೇಮನ್ನು ಬೆನ್ನ ಮೇಲೆ ಹೊತ್ತ ಮುದುಕ ಹಮಾಲಿಯ ಚಿತ್ರ ನಿಮ್ಮನೆಯಲ್ಲೂ ಇತ್ತಲ್ವಾ, ಪೋಸ್ಟರ್? ನಮ್ಮ ಪ್ಯಾಲೆಸ್ತೀನಿನ ಚಿತ್ರಕಾರ ಸ್ಲೀಮಾನ್ ಮನ್ಸೂರ್ ಅದನ್ನು ಬರೆದದ್ದು 1973ರಲ್ಲಿ. ಆ ಮೂಲ ಚಿತ್ರ ಲಿಬಿಯಾಕ್ಕೆ ಹೋಯಿತು. 1986ರಲ್ಲಿ ಅಮೆರಿಕ ಅಲ್ಲಿ ಬಾಂಬ್ ಹಾಕಿದಾಗ ನಾಶವಾಯಿತು ಅಂತಲೇ ಎಲ್ಲರೂ ಹೇಳುವುದು. ಎಷ್ಟೋ ವರ್ಷಗಳ ಮೇಲೆ ಅವರು ಅದನ್ನೇ ಮತ್ತೆ ಬರೆದರು. ಆ ಮುದುಕನನ್ನು ನಕಲು ಅಂತ ಯಾರೂ ಅನ್ನಲಿಲ್ಲ. ಬರೆದ ಕೈ ಅದೇ ತಾನೇ?

ಆದರೂ ಅವರಿಗೆ ಪೋಸ್ಟರಾದರೂ ಇತ್ತು. ನಿನಗೆ ಅದೂ ಇಲ್ಲ. ಅದು ನನಗೆ ಗೊತ್ತು. ಸಮಾಧಾನ ಹೇಳುವುದು ಸುಲಭ, ಮಗಳೇ.

ಇಸ್ರೇಲಿನ ಆಳ್ವಿಕೆಯ ವಿರುದ್ಧ ನಮ್ಮ ಜನ ಎದ್ದ ಮೊದಲ ಇಂತಿಫಾದಾ ಶುರುವಾದಾಗ ಇಸ್ರೇಲಿನ ಬಣ್ಣ ಕೊಳ್ಳುವುದು ಬೇಡ ಅಂತ ಮನ್ಸೂರ್, ವೇರಾ ತಮಾರಿ, ನಬೀಲ್ ಅನಾನಿ, ನಿಮ್ಮ ಗಾಜಾದ ಜಬಾಲಿಯಾ ನಿರಾಶ್ರಿತರ ಕ್ಯಾಂಪಿನಿಂದ ಬಂದ ತೈಸೀರ್ ಬರಕಾತ್, ಈ ನಾಲ್ವರು ಕಲಾವಿದರು ಸೇರಿ ತೀರ್ಮಾನಿಸಿದರು. ಮಣ್ಣು, ಹುಲ್ಲು, ಗೋರಂಟಿ, ಚರ್ಮ, ಸುಟ್ಟ ಮರ, ಕೈಗೆ ಸಿಕ್ಕಿದ್ದರಲ್ಲೇ ಕೆಲಸ. ನಾನು ಆಗ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಅವರನ್ನು ನೋಡಿ ನಾನೂ ಹೊಲದ ಮಣ್ಣು ಜರಡಿ ಹಿಡಿದು, ಹುಲ್ಲು ಕಲಸಿ, ಹಲಗೆಗೆ ಮೆತ್ತಿ ಒಬ್ಬ ಹೆಂಗಸಿನ ಮುಖ ಮಾಡಿದೆ. ಬೆಳಗ್ಗೆ ನೋಡಿದರೆ ಹೆಂಗಸಿನ ಗಲ್ಲದಿಂದ ಹಣೆವರೆಗೂ ಬಿರುಕು. ಒಂದು ಕಿವಿ ಕಳಚಿ ನೆಲಕ್ಕೆ ಬಿದ್ದಿತ್ತು. ಮನ್ಸೂರ್ ಅಂಥ ಬಿರುಕನ್ನು ಹಾಗೇ ಬಿಟ್ಟು, ಅದನ್ನೇ ಚಿತ್ರ ಮಾಡಿದರು. ನನಗೆ ಅಷ್ಟು ಧೈರ್ಯ ಇರಲಿಲ್ಲ, ನೀರು ಹಚ್ಚಿ ತಿದ್ದುತ್ತಾ ಕೂತೆ. 

ಏನೋ ಹೇಳಲು ಹೋಗಿ ಎಲ್ಲಿಗೋ ಹೋದೆ. ಸಾಕ್ಷಿ ಏನು ಅಂತ ಕೇಳಿದೆಯಲ್ಲ. 2023ರ ಅಕ್ಟೋಬರಿನಲ್ಲಿ ಗಾಜಾದ ಹೀಬಾ ಝಗೂತ್ ಇಬ್ಬರು ಗಂಡುಮಕ್ಕಳ ಜೊತೆ ಬಾಂಬಿಗೆ ಬಲಿಯಾದಳು. ಅವಳು ಬರೆದ ಕಸೂತಿ ಉಡುಪಿನ ಹೆಂಗಸರನ್ನು ನಾನು ಫೋನಿನಲ್ಲಷ್ಟೇ ನೋಡಿದ್ದು. ಅವಳು ಚಿತ್ರಕಾರಳಲ್ಲ ಅನ್ನುತ್ತೀಯಾ? ಅದೇ ಡಿಸೆಂಬರಿನಲ್ಲಿ ಗಾಜಾದ ಎಲ್ತಿಕಾ ಕಲಾ ಗ್ಯಾಲರಿ ನೆಲಸಮವಾಯಿತು. ಅಲ್ಲಿದ್ದವರೆಲ್ಲ ಅವತ್ತಿಗೇ ಚಿತ್ರಕಾರರಾಗಿ ಮುಗಿದುಹೋದರಾ? ಗಾಜಾದ ಚಿತ್ರಕಾರ ಮೈಸರಾ ಬಾರೂದ್‌ರ ಮನೆ, ಸ್ಟುಡಿಯೊ ಎರಡೂ ಹೋದವು. ಅವರು ಕಾಗದದ ಮೇಲೆ ಕಪ್ಪು ಇಂಕಿನಲ್ಲಿ ಬರೆದು, ಬದುಕಿದ್ದೇನೆ ಅಂತ ಗೆಳೆಯರಿಗೆ ತಿಳಿಯಲಿ ಎಂದು ಆನ್‌ಲೈನಿನಲ್ಲಿ ಹಾಕುತ್ತಾ ಬಂದರು.

ನೀನೂ ಅಷ್ಟೇ ಮಾಡಬಹುದೇನೋ. ದೊಡ್ಡ ಕ್ಯಾನ್ವಾಸ್ ಈಗಲೇ ಬೇಡ. ಒಂದು ಪೆನ್ನು, ಸಣ್ಣ ಪುಸ್ತಕ ಸಾಕು. ಬರೆದ ದಿನವೇ ಫೋಟೋ ತೆಗೆದು ನನಗೊಂದು, ಬೇರೆ ಊರಿನಲ್ಲಿರುವ ಯಾರಿಗಾದರೂ ಒಂದು ಕಳಿಸು. ದೂರದಲ್ಲಿ ಕೂತು ಬುದ್ಧಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಇನ್ನೊಂದು ವಿಷಯ. ಇಲ್ಲಿಂದ ಗಾಜಾಕ್ಕೆ ದಾರಿ ತೆರೆದಿದ್ದ ಕಾಲದಲ್ಲಿ ನಿಮ್ಮಪ್ಪ ಗಾಜಾದಲ್ಲಿ ಮದುವೆಯಾದಾಗ ನಾನೊಂದು ಬಾದಾಮಿ ಮರ ಬರೆದುಕೊಟ್ಟಿದ್ದೆ. ಅದೂ ಆ ಮನೆಯ ಜೊತೆ ಹೋಯಿತು. ಫೋಟೋ ಇಲ್ಲ. ಅದನ್ನು ಮತ್ತೆ ಬರೆಯಲು ನನಗೂ ಕೈ ಏಳುತ್ತಿಲ್ಲ. ನಿನ್ನ ಮಾತು ಇಷ್ಟೊಂದು ಚುಚ್ಚಿದ್ದು ಅದಕ್ಕೇ ಇರಬೇಕು. ಆಮೇಲೆ ಅನ್ನಿಸಿತು, ನಾನು ಅದನ್ನು ಬರೆದು ಕಳಿಸಿದವಳು ಅಷ್ಟೇ, ನೀನು ದಿನಾ ನೋಡುತ್ತಾ ಬೆಳೆದವಳು. ಮರದ ಕೆಳಗೆ ಕಲ್ಲಿನ ಗೋಡೆ ಬರೆದಿದ್ದೆನಾ, ಇಲ್ಲವಾ? ಹೂವು ಬಿಳಿಯಾಗಿತ್ತಾ, ಗುಲಾಬಿ ಜಾಸ್ತಿ ಇತ್ತಾ? ನೆನಪಿದ್ದಷ್ಟು ಗೀಚಿ ಕಳಿಸು, ನಾನು ಶುರು ಮಾಡುತ್ತೇನೆ. ನಿನ್ನ ಹೋದ ಚಿತ್ರಗಳಲ್ಲಿ ನನಗೆ ಫೋನಿನಲ್ಲಿ ತೋರಿಸಿದ್ದವೂ ಇವೆ. ನಿಮ್ಮಮ್ಮ ಕಿಟಕಿ ಹತ್ತಿರ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿರುವುದು ನನಗೆ ಚೆನ್ನಾಗಿ ನೆನಪಿದೆ, ಪರದೆ ಹಸಿರು. ಬೇಕಾದರೆ ಕೇಳು, ಹೇಳುತ್ತೇನೆ.

ನಿನ್ನ ಅತ್ತೆ