ಚಳಿಯಲ್ಲಿ ಕಾರು ಸ್ಟಾರ್ಟ್ ಮಾಡಿಕೊಟ್ಟವರಿಗೆ

ಪಾರ್ಕಿಂಗ್‌ನಲ್ಲಿ ಬಾನೆಟ್ ಎತ್ತಿಕೊಂಡು ನಿಂತಿದ್ದ ನನ್ನ ಹತ್ತಿರ ತಾವಾಗೇ ಬಂದಿರಲ್ಲ ಸರ್, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ತುಂಬಾ ಥ್ಯಾಂಕ್ಸ್.

ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು, ಡ್ಯಾಶ್‌ಬೋರ್ಡ್ ಲೈಟೂ ಮಂಕು. ತಳ್ಳಿ ನೋಡಿ ಎಂದವರೇ ಜಾಸ್ತಿ. ನೀವು ಮಾತ್ರ ಮೊದಲು ಮೀಟರ್ ಹಿಡಿದಿರಿ. 12.6 ವೋಲ್ಟ್ ಇರಬೇಕಾದ ಬ್ಯಾಟರಿ 11.8 ತೋರಿಸಿತು. ಟರ್ಮಿನಲ್ ಬಿಚ್ಚಿ, ಅದರ ಮೇಲೆ ಕೂತಿದ್ದ ಬಿಳಿ-ಹಸಿರು ಪುಡಿಯನ್ನು ಬ್ರಷ್‌ನಲ್ಲಿ ಉಜ್ಜುತ್ತಾ, ಚಳಿಗೆ ಬ್ಯಾಟರಿಯ ಶಕ್ತಿ ಕುಗ್ಗುತ್ತೆ, ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗಿಸೋಕೆ ಇನ್ನೂ ಜಾಸ್ತಿ ಶಕ್ತಿ ಬೇಕಾಗುತ್ತೆ ಎಂದು ನೀವು ಹೇಳಿದ್ದು ಈಗಲೂ ನೆನಪಿದೆ. ಎರಡೂ ಕಡೆಯಿಂದ ಪೆಟ್ಟು, ಅಲ್ವಾ?

ಬೇರೆ ಬ್ಯಾಟರಿಯಿಂದ ಕರೆಂಟ್ ಕೊಡೋ ಜಂಪರ್ ಕೇಬಲ್ ಹಾಕುವಾಗ ಕೊನೆಯ ಕಪ್ಪು ಕ್ಲಿಪ್ಪನ್ನು ನನ್ನ ಬ್ಯಾಟರಿಯ ಮೈನಸ್‌ಗೆ ಹಾಕದೆ, ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿದಿರಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತೆ, ಅದರ ಪಕ್ಕ ಕಿಡಿ ಹಾರಬಾರದು ಎಂದಿರಿ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಷ್ಟು ಚಳಿಯಲ್ಲಿ ನಿಮ್ಮ ಬೆರಳುಗಳು ಕೆಂಪಾಗಿದ್ದವು, ಆದರೂ ಒಂಚೂರೂ ಆತುರವಿಲ್ಲ. ಸ್ಟಾರ್ಟ್ ಆದ ಮೇಲೆ ದುಡ್ಡಿನ ಮಾತೆತ್ತಿದರೆ ಸುಮ್ನೆ ನಕ್ಕು, "ಈಗಲೇ ಆಫ್ ಮಾಡಬೇಡಿ, ಸ್ವಲ್ಪ ದೂರ ಓಡಿಸಿ" ಎಂದಿರಿ ಅಷ್ಟೇ.

ಆಮೇಲೆ ಲೋಡ್ ಟೆಸ್ಟ್, ಅಂದ್ರೆ ಹೆಚ್ಚು ಕರೆಂಟ್ ಎಳೆದಾಗ ಬ್ಯಾಟರಿ ತಡೆಯುತ್ತಾ ಅಂತ ನೋಡೋ ಪರೀಕ್ಷೆ, ಮಾಡಿಸಿದೆ, ನೀವು ಅಂದಂತೆ ಬ್ಯಾಟರಿ ಮುಗಿದೇ ಹೋಗಿತ್ತು. ಹೊಸದು ಹಾಕಿಸಿದ್ದೇನೆ. ಅಂದಹಾಗೆ, ನಿಮ್ಮ 10 ಎಂಎಂ ಸ್ಪ್ಯಾನರ್ ನನ್ನ ಬಾನೆಟ್ ಒಳಗೇ ಉಳಿದಿತ್ತು. ಇದನ್ನು ಓದಿದರೆ ಒಂದು ಮೆಸೇಜ್ ಹಾಕಿ, ತಂದುಕೊಡುತ್ತೇನೆ.